ಬೇಲಿ ಬಂದಮೇಲೆ ನೀರು: ಟೆಕ್ಸಾಸಿನ ದನದ ಊರುಗಳ ದಿನಚರಿ, 1900–1920

ಅಜ್ಜಂಪುರದ ಅಮೃತ್ ಮಹಲ್ ಕಾವಲು, ಕಡೂರು–ಬೀರೂರು ಬಯಲಿನ ಗೋಮಾಳ ಕಂಡವರಿಗೆ ಟೆಕ್ಸಾಸಿನ ರಾಂಚ್, ಅಂದರೆ ದನ ಸಾಕುವ ದೊಡ್ಡ ಹಿಡುವಳಿ, ಅರ್ಥವಾಗುವುದು ಕಷ್ಟವಲ್ಲ. ಅಲ್ಲೂ ಮಳೆ ಕಡಿಮೆ, ಹುಲ್ಲು ಗಿಡ್ಡ, ಗಾಳಿ ಜಾಸ್ತಿ. ಅಲ್ಲಿನ ಅಮರಿಲ್ಲೊ ಪಟ್ಟಣದ ಸುತ್ತಮುತ್ತ ವರ್ಷಕ್ಕೆ ಬೀಳುವುದು ಸುಮಾರು 20 ಇಂಚು ಮಳೆ. ಒಂದು ಹಸು ವರ್ಷವಿಡೀ ಮೇಯಬೇಕಾದರೆ 20–30 ಎಕರೆ ಬೇಕು, ಪಶ್ಚಿಮಕ್ಕೆ ಹೋದಷ್ಟೂ ಇನ್ನೂ ಹೆಚ್ಚು.

ಇಷ್ಟು ಹೋಲಿಕೆ ಇದ್ದರೂ ದನ ಕಾಯುವ ಕ್ರಮ ಮಾತ್ರ ಬೇರೆ. ಮೈಸೂರು ಸಂಸ್ಥಾನದ ದನದ ಇಲಾಖೆಯಾದ ಅಮೃತ್ ಮಹಲ್‌ನವರು ಮೇವಿನ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿಟ್ಟಿದ್ದರು. ಹಿಂಡಿನ ಮೇಲ್ವಿಚಾರಕರಾದ ಸೇರ್ವೆಗಾರರು ಕಾಲ ನೋಡಿಕೊಂಡು ಹಿಂಡನ್ನು ಒಂದರಿಂದ ಇನ್ನೊಂದಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ಬೇಸಿಗೆ ಬಂತೆಂದರೆ ಕೆರೆಯಂಗಳದ ಹಸಿ ಹುಲ್ಲಿಗೆ, ಮರದ ನೆರಳಿಗೆ. ಅಂದರೆ ದನವೇ ನೀರಿದ್ದ ಕಡೆಗೆ ನಡೆಯುತ್ತಿತ್ತು. ಟೆಕ್ಸಾಸಿನಲ್ಲೂ ಮೊದಲು ಹಾಗೆಯೇ ಇತ್ತು. ಮುಳ್ಳುತಂತಿ ಬಂದಮೇಲೆ ಆ ನಡಿಗೆ ನಿಂತುಹೋಯಿತು. ಬೇಲಿಯೊಳಗೆ ಹಳ್ಳವಿಲ್ಲದ ದನಕ್ಕೆ ಅಲ್ಲೇ ನೀರು ಎತ್ತಿ ಕೊಡಬೇಕಾಯಿತು. 20ನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಅಲ್ಲಿನ ಊರುಗಳ ದಿನನಿತ್ಯದ ಕೆಲಸ ಬಹುಪಾಲು ಈ ಒಂದು ಬದಲಾವಣೆಯಿಂದ ಹುಟ್ಟಿದ್ದು. ಸಿನಿಮಾಗಳಲ್ಲಿ ಕಾಣುವ ಪಿಸ್ತೂಲಿಗಿಂತ ಪಂಪಿನ ಚರ್ಮದ ವಾಶರ್ ಅಲ್ಲಿ ಹೆಚ್ಚು ಜೀವ ಉಳಿಸಿದೆ. ಅದರ ಕಥೆ ಸರಿಯಾಗಿ ಹೇಳುವವರು ಕಡಿಮೆ ಎನ್ನುವುದೇ ಈ ಬರಹಕ್ಕೆ ಕಾರಣ.

ಇಲಿನಾಯ್ ರಾಜ್ಯದ ರೈತ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದದ್ದು 1874ರಲ್ಲಿ. ಹತ್ತು–ಹನ್ನೆರಡು ವರ್ಷಗಳೊಳಗೆ ಟೆಕ್ಸಾಸಿನ ಬಯಲು ತಂತಿಯೊಳಗೆ ಸೇರಿತು. ಎಕ್ಸ್‌ಐಟಿ ರಾಂಚ್ ಇದಕ್ಕೆ ದೊಡ್ಡ ಉದಾಹರಣೆ. ಆಸ್ಟಿನ್ ನಗರದಲ್ಲಿ ರಾಜ್ಯದ ಶಾಸನಭವನ ಕಟ್ಟಿಕೊಟ್ಟದ್ದಕ್ಕೆ ಪ್ರತಿಯಾಗಿ ಷಿಕಾಗೊ ಬಂಡವಾಳಗಾರರಿಗೆ ಸರ್ಕಾರ ಕೊಟ್ಟ ಸುಮಾರು 30 ಲಕ್ಷ ಎಕರೆ ಅದು. ಅದರ ಬೇಲಿಯೇ 1,500 ಮೈಲಿಯಷ್ಟಿತ್ತು.

ಲೆಕ್ಕ ಹಾಕಿದರೆ ಬೇಲಿಯ ಭಾರ ತಿಳಿಯುತ್ತದೆ. ತಂತಿಯ ಒಂದು ಸುರುಳಿ 1,320 ಅಡಿ. ನಾಲ್ಕು ಎಳೆಯ ಬೇಲಿಯಾದರೆ ಒಂದು ಮೈಲಿಗೆ 16 ಸುರುಳಿ. ಹದಿನಾರೂವರೆ ಅಡಿಗೊಂದು ಕಂಬ ನೆಟ್ಟರೆ 320 ಕಂಬ. ಕಂಬಕ್ಕೆ ಸೀಡರ್ ಅಥವಾ ಮೆಸ್ಕೀಟ್ ಮರ, ಅದೂ ನಡುವಿನ ಚೇಗು ಇರುವುದು. ಹೊರಗಿನ ಬಿಳಿ ಭಾಗ ಹೆಚ್ಚಿರುವ ಕಂಬ ನೆಲಮಟ್ಟದಲ್ಲಿ ಬೇಗ ಕೊಳೆಯುತ್ತದೆ. ಮೂಲೆಯ ಕಂಬಕ್ಕೆ ಓರೆಯಾಗಿ ಊರೆ ಕೊಡದಿದ್ದರೆ ನಾಲ್ಕು ಎಳೆಯ ಬಿಗಿತಕ್ಕೆ ಅದು ವಾಲಿ, ಇಡೀ ಸಾಲು ಸಡಿಲವಾಗುತ್ತದೆ. ಹೊಸಬರು ಮಾಡುತ್ತಿದ್ದ ತಪ್ಪೆಂದರೆ ಸುಡುಬಿಸಿಲಲ್ಲಿ ತಂತಿಯನ್ನು ವೀಣೆಯ ತಂತಿಯಂತೆ ಬಿಗಿಯುವುದು. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಿಗಿದ ಒಂದು ಸುರುಳಿ ಉದ್ದದ ಉಕ್ಕಿನ ತಂತಿ, ಚಳಿಗಾಲದ ಮೈನಸ್ 10ಕ್ಕೆ ಬಂದಾಗ 20 ಸೆಂಟಿಮೀಟರಿಗೂ ಹೆಚ್ಚು ಕುಗ್ಗುತ್ತದೆ. ಆಗ ತಂತಿ ಹರಿಯಬೇಕು, ಇಲ್ಲವೇ ಮೊಳೆ ಕಿತ್ತು ಬರಬೇಕು. ಅದಕ್ಕೇ ಬೇಲಿ ಸವಾರರು ಜೀನಿನ ಚೀಲದಲ್ಲಿ ಯು ಆಕಾರದ ಮೊಳೆ, ಸುತ್ತಿಗೆ, ಇಕ್ಕಳ, ತುಂಡು ತಂತಿ ಇಟ್ಟುಕೊಂಡು ಕಂಬದಿಂದ ಕಂಬಕ್ಕೆ ನೋಡುತ್ತಾ ಸಾಗುತ್ತಿದ್ದರು. ಹಳ್ಳ ದಾಟುವ ಕಡೆಯಂತೂ ಪ್ರತಿ ಮಳೆಗೂ ಬೇಲಿ ಕೊಚ್ಚಿಹೋಗುತ್ತಿತ್ತು.

ಬೇಲಿ ದನವನ್ನು ಕೊಂದದ್ದೂ ಉಂಟು. ಉತ್ತರದ ಶೀತಗಾಳಿ ಬೀಸಿದರೆ ದನ ಗಾಳಿಗೆ ಬೆನ್ನು ಕೊಟ್ಟು ದಕ್ಷಿಣಕ್ಕೆ ನಡೆಯುತ್ತದೆ. 1886ರ ಜನವರಿಯ ಹಿಮಗಾಳಿಯಲ್ಲಿ ಹೀಗೆ ನಡೆದ ಹಿಂಡುಗಳು ಅಡ್ಡಬೇಲಿಗೆ ಬಂದು ನಿಂತು, ಒಂದರ ಮೇಲೊಂದು ಬಿದ್ದು ಸಾವಿರಗಟ್ಟಲೆ ಸತ್ತವು. ಮುಂದಿನ ತಲೆಮಾರಿನವರು ಶೀತಗಾಳಿಯ ಸೂಚನೆ ಕಂಡರೆ ಸವಾರರನ್ನು ಮೊದಲು ದಕ್ಷಿಣದ ಬೇಲಿಗೇ ಕಳಿಸುತ್ತಿದ್ದರು.

ಇನ್ನು ನೀರು. ಬೇಸಿಗೆಯಲ್ಲಿ ದೊಡ್ಡ ಹಸು ದಿನಕ್ಕೆ 10–15 ಗ್ಯಾಲನ್, ಅಂದರೆ ಸುಮಾರು 40–55 ಲೀಟರ್ ಕುಡಿಯುತ್ತದೆ. ಅದನ್ನು ಎತ್ತಿದ್ದು ಗಾಳಿಯಂತ್ರ. ಗಾಳಿ ಜೋರಾದಾಗ ತಾನೇ ಪಕ್ಕಕ್ಕೆ ತಿರುಗಿಕೊಂಡು ಉಳಿಯುವ ಗಾಳಿಯಂತ್ರವನ್ನು ಡೇನಿಯಲ್ ಹ್ಯಾಲಡೆ 1854ರಲ್ಲಿ ರೂಪಿಸಿದ. ಷಿಕಾಗೊದ ಏರ್‌ಮೋಟರ್ ಕಂಪನಿ 1888ರಿಂದ ಉಕ್ಕಿನ ಚಕ್ರದವನ್ನು ಮಾರತೊಡಗಿತು. ಎಕ್ಸ್‌ಐಟಿಯಲ್ಲಿ 1900ರ ಹೊತ್ತಿಗೆ 325 ಗಾಳಿಯಂತ್ರ, 100 ಅಣೆಕಟ್ಟೆ ಇದ್ದವು. ಅದರಲ್ಲೊಂದು, ಕಣಿವೆಯ ತಳದಲ್ಲಿದ್ದದ್ದು, ಗಾಳಿಗೆ ಸಿಗಲೆಂದು ಸುಮಾರು 130 ಅಡಿ ಎತ್ತರಕ್ಕೆ ಮರದಿಂದ ಕಟ್ಟಿದ್ದು.

ನಮ್ಮೂರಿನ ಬೋರಿಂಗ್ ಹ್ಯಾಂಡ್‌ಪಂಪ್ ಬಿಚ್ಚಿದವರಿಗೆ ಇದರ ಒಳಗು ಗೊತ್ತೇ ಇದೆ. ಕೊಳವೆಯ ತಳದಲ್ಲಿ ಹಿತ್ತಾಳೆಯ ಸಿಲಿಂಡರ್, ಅದರೊಳಗೆ ಮೇಲೆ ಕೆಳಗೆ ಆಡುವ ಕೊಂತ (ಪಿಸ್ಟನ್), ಕೊಂತಕ್ಕೆ ಬಟ್ಟಲಿನಾಕಾರದ ಚರ್ಮದ ವಾಶರ್, ತಳದಲ್ಲಿ ನೀರು ಹಿಂದಿರುಗದಂತೆ ತಡೆಯುವ ಕವಾಟ. ಹಿಡಿಯನ್ನು ಒತ್ತುವ ಕೈಯ ಬದಲು ಮೇಲೆ ಗಾಳಿಯ ಚಕ್ರ. ಚಕ್ರ ಮೂರು ಸುತ್ತಿಗಿಂತ ತುಸು ಹೆಚ್ಚು ತಿರುಗಿದಾಗ ಗೇರಿನ ಮೂಲಕ ಕೊಂತಕ್ಕೆ ಜೋಡಿಸಿದ ಸರಳು ಒಂದು ಸಲ ಮೇಲೆದ್ದು ಇಳಿಯುತ್ತದೆ. ಸಣ್ಣ ಗಾಳಿಗೂ ನೀರು ಬರುವುದು ಈ ಗೇರಿನಿಂದಲೇ. ಹದವಾದ ಗಾಳಿಯಲ್ಲಿ 8 ಅಡಿಯ ಚಕ್ರ, 2 ಇಂಚಿನ ಸಿಲಿಂಡರ್ ಇದ್ದರೆ ಸುಮಾರು 140 ಅಡಿ ಆಳದಿಂದ ಗಂಟೆಗೆ 190 ಗ್ಯಾಲನ್ನಿನಷ್ಟು ನೀರು ಬರುತ್ತದೆ. ದಿನಕ್ಕೆ ಎಂಟು ಗಂಟೆ ಗಾಳಿ ಸಿಕ್ಕರೆ ನೂರಕ್ಕೂ ಮೇಲ್ಪಟ್ಟು ದನಕ್ಕೆ ಸಾಕು. ಗಾಳಿ ಬಿದ್ದ ದಿನಗಳಿಗೆಂದು ದೊಡ್ಡ ತೊಟ್ಟಿ ಅಥವಾ ಮಣ್ಣಿನ ಕಟ್ಟೆಯಲ್ಲಿ ಒಂದು ವಾರದ ನೀರು ಕೂಡಿಡಬೇಕು. ಆಗಸ್ಟಿನಲ್ಲಿ ಗಾಳಿ ಸತ್ತು ಬಿಸಿಲು ನೆತ್ತಿ ಸುಡುವಾಗ ಇದನ್ನು ಕಡೆಗಣಿಸಿದ ರಾಂಚ್ ಉಳಿಯುತ್ತಿರಲಿಲ್ಲ.

ಕೆಡುವುದು ಎಲ್ಲಿ? ಮೊದಲು ಚರ್ಮದಲ್ಲಿ. ನೀರಿನೊಂದಿಗೆ ಮರಳು ಬಂದರೆ ವಾಶರ್ ಸವೆದು, ಚಕ್ರ ಗಿರಗಿರ ತಿರುಗಿದರೂ ಕೊಳವೆಯ ಬಾಯಲ್ಲಿ ಹನಿಯಷ್ಟೇ ಬರುತ್ತದೆ. ಬಾವಿಯ ನೀರು ಇಳಿದು ಸಿಲಿಂಡರ್ ಒಣಗಿದರೆ ಚರ್ಮ ಬಿರಿದು ಸುಕ್ಕಾಗುತ್ತದೆ. ಹೊಸ ವಾಶರನ್ನು ಒಣಗಿದ್ದಂತೆಯೇ ಹಾಕಬಾರದು. ದನದ ಗೊರಸಿನೆಣ್ಣೆಯಲ್ಲೋ ನೀರಲ್ಲೋ ನೆನೆಸಿ ಮೆತ್ತಗಾದಮೇಲೆ ಹಾಕಬೇಕು, ಇಲ್ಲದಿದ್ದರೆ ಅಂಚು ಸಿಲಿಂಡರಿಗೆ ಕೂರುವುದಿಲ್ಲ. ವಾಶರ್ ಬದಲಿಸಲು ಸರಳುಗಳನ್ನು ಒಂದೊಂದೇ ಮೇಲೆತ್ತಿ ಬಿಚ್ಚಬೇಕು. ಇಲ್ಲಿ ಬಾವಿ ಹಾಕುವ ದಿನವೇ ತೋರಬೇಕಾದ ಜಾಣತನವೊಂದಿದೆ: 2 ಇಂಚಿನ ಕೊಳವೆಗೆ ಅದಕ್ಕಿಂತ ಎಂಟನೆಯ ಒಂದು ಇಂಚು ಸಣ್ಣ ಸಿಲಿಂಡರ್ ಹಾಕಿದರೆ ಕೊಂತ ಕೊಳವೆಯೊಳಗಿಂದಲೇ ಮೇಲೆ ಬರುತ್ತದೆ. ಕೊಳವೆಗಿಂತ ದಪ್ಪದ್ದನ್ನು ಹಾಕಿದರೆ ವಾಶರಿಗಾಗಿ ನೂರಾರು ಅಡಿ ಕಬ್ಬಿಣದ ಕೊಳವೆಯನ್ನೆಲ್ಲ ರಾಟೆ, ಹಗ್ಗ, ಹೇಸರಗತ್ತೆ ಕಟ್ಟಿ ಎಳೆಯಬೇಕು.

ಸರಳು ಹೆಚ್ಚಾಗಿ ಮರದ್ದು, ಆಶ್ ಮರದ್ದು. ಗೋಪುರದೊಳಗಿನ ಮೇಲಿನ ತುಂಡನ್ನು ಬೇಕೆಂದೇ ಉಳಿದವಕ್ಕಿಂತ ದುರ್ಬಲ ಇಡುತ್ತಿದ್ದರು. ಕೆಳಗೆ ಏನಾದರೂ ಸಿಕ್ಕಿಕೊಂಡರೆ ಕೈಗೆಟುಕುವ ಆ ತುಂಡು ಮುರಿಯುತ್ತದೆ, ಬಾವಿಯೊಳಗಿನದು ಉಳಿಯುತ್ತದೆ. ಈ ಉಪಾಯ ಕಂಡುಹಿಡಿದವರ ಬುದ್ಧಿಗೆ ಕೈ ಮುಗಿಯಬೇಕು.

1915ರಲ್ಲಿ ಎಣ್ಣೆಯಲ್ಲೇ ಮುಳುಗಿರುವ ಗೇರ್‌ಪೆಟ್ಟಿಗೆ ಬರುವವರೆಗೆ ಪ್ರತಿ ಗಾಳಿಯಂತ್ರಕ್ಕೂ ವಾರಕ್ಕೊಮ್ಮೆಯಂತೆ ಗೋಪುರವೇರಿ ಎಣ್ಣೆ ಬಿಡಬೇಕಿತ್ತು. ಆ ಕೆಲಸಕ್ಕೆಂದೇ ದೊಡ್ಡ ರಾಂಚ್‌ಗಳಲ್ಲಿ ಆಳುಗಳಿದ್ದರು. ಮೇಲೆ ಹತ್ತುವ ಮುನ್ನ ಕೆಳಗಿನ ತಂತಿ ಎಳೆದು, ಚಕ್ರವನ್ನು ಗಾಳಿಯತ್ತ ತಿರುಗಿಸುವ ಬಾಲವನ್ನು ಮಡಚಿ ಚಕ್ರ ನಿಲ್ಲಿಸಬೇಕು. ನಿಲ್ಲಿಸದೆ ಹತ್ತಿದರೆ ಗಾಳಿ ದಿಕ್ಕು ಬದಲಿಸಿದ ಕ್ಷಣ ಚಕ್ರ ತಿರುಗಿ ಆಳನ್ನು ಬಡಿದು ಕೆಡವುತ್ತದೆ. ಎಣ್ಣೆ ಕಾಣದ ಯಂತ್ರ ಮೈಲಿ ದೂರಕ್ಕೆ ಕಿರುಗುಟ್ಟುತ್ತಿತ್ತು. ಹೊಸ ಪೆಟ್ಟಿಗೆ ಬಂದು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿದರೆ ಸಾಕು ಎಂದಾದಾಗ ಅದೊಂದು ಬಿಡುಗಡೆಯೇ.

ಊರೊಳಗೂ ಇದೇ ಯಂತ್ರ. ಮಿಡ್‌ಲ್ಯಾಂಡ್ ಪಟ್ಟಣದಲ್ಲಿ ಮನೆ ಮನೆಗೂ ಒಂದೊಂದು ಇದ್ದುದರಿಂದ ಅದಕ್ಕೆ ಗಾಳಿಯಂತ್ರದ ಊರು ಎಂಬ ಅಡ್ಡಹೆಸರೇ ಬಿತ್ತು. ಕೊಳವೆಯಿಂದ ಬಂದ ತಣ್ಣನೆಯ ನೀರು ನೇರ ದನದ ತೊಟ್ಟಿಗೆ ಹೋಗುವುದಿಲ್ಲ. ನಡುವೆ ಒಂದು ಚಿಕ್ಕ ಕೋಣೆಯ ಕಿರು ಕಾಲುವೆಯಲ್ಲಿ ಹರಿಯುತ್ತದೆ. ಹಾಲಿನ ಕ್ಯಾನು, ಬೆಣ್ಣೆಯ ಮಡಕೆಯನ್ನು ಆ ನೀರಲ್ಲಿ ಕುತ್ತಿಗೆಯವರೆಗೆ ಇಟ್ಟು ತಂಪು ಮಾಡುತ್ತಿದ್ದರು. ಕರೆಂಟಿಲ್ಲದ ಕಾಲದಲ್ಲಿ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಯೋಚಿಸುವುದು ಕಷ್ಟ.

ಇದೇ ಕಾಲದಲ್ಲಿ ಊರಿನವರ ದೊಡ್ಡ ತಲೆನೋವು ಉಣುಗು. ಟೆಕ್ಸಾಸಿನ ದನ ಉತ್ತರಕ್ಕೆ ನಡೆದಲ್ಲೆಲ್ಲ ಅಲ್ಲಿನ ದನಕ್ಕೆ ಜ್ವರ ಬಂದು, ಕೆಂಪು ಮೂತ್ರವಾಗಿ, ಕೆಲವೇ ದಿನಗಳಲ್ಲಿ ಸಾಯುತ್ತಿತ್ತು. ಟೆಕ್ಸಾಸಿನದಕ್ಕೆ ಏನೂ ಆಗುತ್ತಿರಲಿಲ್ಲ, ಏಕೆಂದರೆ ಅವು ಕರುವಿದ್ದಾಗಲೇ ಸೋಂಕು ತಗುಲಿ ಗಟ್ಟಿಯಾಗಿದ್ದವು. ಈ ರೋಗದ ಬಬೇಸಿಯ ಎಂಬ ಸೂಕ್ಷ್ಮಜೀವಿಯನ್ನು ಉಣುಗು ದಾಟಿಸುತ್ತದೆ ಎಂದು ವಿಜ್ಞಾನಿಗಳಾದ ಥಿಯೊಬಾಲ್ಡ್ ಸ್ಮಿತ್ ಮತ್ತು ಎಫ್. ಎಲ್. ಕಿಲ್ಬೋರ್ನ್ 1893ರಲ್ಲಿ ಸಾಧಿಸಿ ತೋರಿಸಿದರು. ಸೊಳ್ಳೆಯಿಂದ ಮಲೇರಿಯಾ ಎಂದು ಗೊತ್ತಾಗುವುದಕ್ಕೂ ಮುಂಚಿನ ಮಾತಿದು. 1906ರಲ್ಲಿ ಉಣುಗು ನಿರ್ಮೂಲನದ ಸರ್ಕಾರಿ ಕಾರ್ಯಕ್ರಮ ಆರಂಭವಾಗಿ, ಊರೂರಿಗೂ ಔಷಧದ ನೀರಲ್ಲಿ ದನ ಮುಳುಗಿಸುವ ತೊಟ್ಟಿ ಬಂತು.

ತೊಟ್ಟಿ ಕಾಂಕ್ರೀಟಿನದು. ದನ ಒಂದೊಂದಾಗಿ ಮಾತ್ರ ಹಾಯುವಷ್ಟು ಕಿರಿದು, ಈಜುವ ಭಾಗ 25–30 ಅಡಿ ಉದ್ದ, ತಲೆಯೂ ಮುಳುಗುವಷ್ಟು ಆಳ. ಒಳಹೋಗುವ ಕಡೆ ನುಣುಪಾದ ಕಡಿದು ಇಳಿಜಾರು, ಹೊರಬರುವ ಕಡೆ ಮೆಟ್ಟಿಲು. ಆಚೆ, ಮೈಯಿಂದ ಸೋರಿದ್ದು ವಾಪಸ್ ತೊಟ್ಟಿಗೇ ಬೀಳುವಂತೆ ಇಳಿಜಾರಿನ ದೊಡ್ಡಿ.

ಔಷಧದ ಅಳತೆ 500 ಗ್ಯಾಲನ್ ನೀರಿಗೆ ಹೀಗೆ: ವಾಷಿಂಗ್ ಸೋಡಾ 24 ಪೌಂಡ್, ಬಿಳಿ ಪಾಷಾಣ (ಆರ್ಸೆನಿಕ್) 8 ಪೌಂಡ್, ಪೈನ್ ಮರದ ಟಾರು 1 ಗ್ಯಾಲನ್. ಪಾಷಾಣ ಬರಿ ನೀರಲ್ಲಿ ಸುಲಭಕ್ಕೆ ಕರಗುವುದಿಲ್ಲ. ಹಂಡೆಯಲ್ಲಿ ನೀರು ಕುದಿಸಿ, ಮೊದಲು ಸೋಡಾ ಕರಗಿಸಿ, ಆಮೇಲೆ ಪಾಷಾಣ ಹಾಕಿ ಅದು ಪೂರ್ತಿ ಕರಗುವವರೆಗೆ ಕುದಿಸಬೇಕು. 140 ಡಿಗ್ರಿ ಫ್ಯಾರನ್‌ಹೀಟ್‌ಗೆ ಆರಿದಮೇಲೆ ಟಾರನ್ನು ಸಣ್ಣ ಧಾರೆಯಲ್ಲಿ ಸುರಿಯುತ್ತಾ ಕಲಕಬೇಕು. ಕುದಿಯುವಾಗಲೇ ಸುರಿದರೆ ಸರಿಯಾಗಿ ಬೆರೆಯುವುದಿಲ್ಲ. ದ್ರಾವಣದಲ್ಲಿ ಪಾಷಾಣ ಶೇಕಡ 0.2ರ ಆಸುಪಾಸಿನಲ್ಲಿರಬೇಕು. ಮಳೆ ನೀರು ಸೇರಿ ತೆಳುವಾದರೆ ಉಣುಗು ಬದುಕುತ್ತದೆ, ಬಿಸಿಲಿಗೆ ನೀರು ಆವಿಯಾಗಿ ಮಂದವಾದರೆ ದನದ ಚರ್ಮ ಸುಡುತ್ತದೆ. ಮಾಡು ಹಾಕಿ ತೊಟ್ಟಿ ಮುಚ್ಚುತ್ತಿದ್ದದ್ದು ಇದಕ್ಕೇ.

ಮುಳುಗಿಸುವ ಮುನ್ನ ದನಕ್ಕೆ ಹೊಟ್ಟೆ ತುಂಬ ನೀರು ಕುಡಿಸಲೇಬೇಕು; ಬಾಯಾರಿದ್ದರೆ ಅದು ಪಾಷಾಣದ ನೀರನ್ನೇ ಕುಡಿಯುತ್ತದೆ. ದೂರದಿಂದ ಓಡಿಸಿ ತಂದ ಬಿಸಿ ಮೈಯ ದನವನ್ನು ತಕ್ಷಣ ಇಳಿಸಬಾರದು. ಪ್ರತಿ 14 ದಿನಕ್ಕೊಮ್ಮೆ ಮುಳುಗಿಸುವುದಕ್ಕೂ ಕಾರಣವಿದೆ. ಹುಲ್ಲಿನಿಂದ ಹತ್ತಿದ ಮರಿ ಉಣುಗು ರಕ್ತ ಕುಡಿದು ಕೆಳಗುದುರಲು ಮೂರು ವಾರದಷ್ಟು ಬೇಕು. ಎರಡು ವಾರಕ್ಕೊಮ್ಮೆ ಮುಳುಗಿಸಿದರೆ ಯಾವುದೂ ಮೊಟ್ಟೆಯಿಡಲು ನೆಲ ಸೇರದು. ಒಂದು ಸರದಿ ತಪ್ಪಿದರೆ ಒಂದೇ ಹೆಣ್ಣು ಉಣುಗು ಸಾವಿರಾರು ಮೊಟ್ಟೆ ಇಟ್ಟು ತಿಂಗಳುಗಳ ಶ್ರಮ ಹಾಳು ಮಾಡುತ್ತದೆ. ಸಣ್ಣ ಹಿಡುವಳಿಯವರಿಗೆ ಇದು ಕೋಪ ತರಿಸಿತು. ಹದಿನೈದು ದಿನಕ್ಕೊಮ್ಮೆ ಕೆಲಸ ಬಿಟ್ಟು ದನ ಹೊಡೆದುಕೊಂಡು ಬರುವುದು, ಒಂದೆರಡು ಸಾಯುವುದು. ದಕ್ಷಿಣದ ಕೆಲವು ಕಡೆ ತೊಟ್ಟಿಗಳಿಗೆ ಡೈನಮೈಟ್ ಇಟ್ಟು ಸ್ಫೋಟಿಸಿದರು. ಅವರ ಸಿಟ್ಟು ಅರ್ಥವಾಗುವಂಥದ್ದೇ, ಆದರೂ ಕೆಲಸ ಗೆದ್ದಿತು. 1943ರ ಹೊತ್ತಿಗೆ ಗಡಿಯ ಒಂದು ಪಟ್ಟಿ ಬಿಟ್ಟರೆ ದೇಶವೆಲ್ಲ ಉಣುಗುಮುಕ್ತವಾಯಿತು. ಹಳೆಯ ತೊಟ್ಟಿಗಳ ಸುತ್ತಿನ ಮಣ್ಣಲ್ಲಿ ಪಾಷಾಣ ಮಾತ್ರ ಇಂದಿಗೂ ಉಳಿದಿದೆ. ಆದ್ದರಿಂದ ಮೇಲಿನ ಅಳತೆಯನ್ನು ಇತಿಹಾಸವೆಂದು ಓದಿಕೊಳ್ಳಿ, ಯಾರೂ ಮಾಡಲು ಹೋಗಬೇಡಿ.

ಉಣುಗಿಗೆ ಇನ್ನೊಂದು ಉತ್ತರ ನಮ್ಮ ಕಡೆಯಿಂದ ಹೋಯಿತು. ಟೆಕ್ಸಾಸಿನ ಕರಾವಳಿಯ ಪಿಯರ್ಸ್ ರಾಂಚಿನ ಎ. ಪಿ. ಬೋರ್ಡನ್ 1906ರಲ್ಲಿ ಭಾರತದಿಂದ ಹೋರಿಗಳನ್ನು ಹಡಗಿನಲ್ಲಿ ಸಾಗಿಸಿದರು. ನ್ಯೂಯಾರ್ಕಿನ ಕ್ವಾರಂಟೈನಿನಲ್ಲಿ ಸರ್ರಾ ಎಂಬ ರಕ್ತದ ರೋಗ ಕಂಡು ಕೆಲವನ್ನು ಕಳೆದುಕೊಳ್ಳಬೇಕಾಯಿತು. ಮೂವತ್ತಕ್ಕೂ ಮಿಕ್ಕಿ ತಲುಪಿದವು. ಗಿರ್, ಕಾಂಕ್ರೇಜ್, ಒಂಗೋಲ್ ಜೊತೆಗೆ ನಮ್ಮ ಬೆಳಗಾವಿ–ವಿಜಯಪುರ ಕಡೆಯ ಕೃಷ್ಣಾ ಕಣಿವೆ ತಳಿಯೂ ಸೇರಿ ಅಮೆರಿಕದ ಬ್ರಾಹ್ಮನ್ ತಳಿ ರೂಪುಗೊಂಡಿತು. ಅದರ ತಳಿಗಾರರ ಸಂಘ 1924ರದು. ಗೂನು, ಇಳಿಬಿದ್ದ ಗಂಗೆದೊಗಲು, ಗಿಡ್ಡ ಕೂದಲಿನ ಈ ದನಕ್ಕೆ ಬಿಸಿಲೂ ತಾಳುತ್ತದೆ, ಉಣುಗೂ ಅಷ್ಟಾಗಿ ಹತ್ತುವುದಿಲ್ಲ. ಟೆಕ್ಸಾಸಿನ ಹಿಂಡಿನಲ್ಲಿ ಕನ್ನಡನಾಡಿನ ದನದ ರಕ್ತವೂ ಸೇರಿದ ಈ ವಿಷಯ ನಮ್ಮ ಶಾಲೆಯ ಪಾಠದಲ್ಲಿ ಇರಬೇಕಿತ್ತು.

ಗಾಯಕ್ಕೆ ಹುಳ ಬೀಳುವುದು ಅಲ್ಲಿಯೂ ಬೇಸಿಗೆಯ ಪಿಡುಗಾಗಿತ್ತು. ಕರುವಿನ ಹೊಕ್ಕುಳು, ಒಡೆತನದ ಗುರುತಿಗೆ ಹಾಕಿದ ಬರೆ, ಬೀಜ ತೆಗೆದ ಜಾಗ, ತಂತಿ ಗೀರಿದ ಗಾಯ, ಎಲ್ಲೆಂದರಲ್ಲಿ ನೊಣ ಮೊಟ್ಟೆಯಿಡುತ್ತಿತ್ತು. ಕ್ಲೋರೋಫಾರ್ಮ್ ಸುರಿದು ಹುಳ ಸಾಯಿಸಿ, ಮೇಲೆ ಪೈನ್ ಟಾರು ಬಳಿಯುತ್ತಿದ್ದರು. ಬರೆ ಹಾಕುವಾಗ ಕಬ್ಬಿಣ ಕೆಂಪಗಿರಬಾರದು, ಬೂದಿ ಬಣ್ಣಕ್ಕಿರಬೇಕು. ಕೆಂಪಗಿದ್ದರೆ ಆಳಕ್ಕೆ ಸುಟ್ಟು ಗುರುತು ಕಲಸಿಹೋಗುತ್ತದೆ. ಒದ್ದೆ ಮೈಗೆ ಹಾಕಿದರೆ ಹಬೆ ಹರಡಿ ಇನ್ನೂ ಕೆಡುತ್ತದೆ.

ಇನ್ನು ಚಿಕ್ಕಮಗಳೂರಿನವರು ಕೇಳಲೇಬೇಕಾದ್ದು, ಕಾಫಿ. ಮೊದಲೆಲ್ಲ ಹಸಿ ಬೀಜ ಕೊಂಡು ಬಾಣಲೆಯಲ್ಲಿ ಹುರಿದುಕೊಳ್ಳುತ್ತಿದ್ದರು. ಒಂದು ಬೀಜ ಕರಿಯಾದರೂ ಇಡೀ ಪಾತ್ರೆ ಕಹಿ. ಹುರಿದದ್ದನ್ನು ಮಾರೋಣವೆಂದರೆ ದೂರದ ದಾರಿಯಲ್ಲಿ ಘಮ ಹಾರಿಹೋಗುತ್ತಿತ್ತು. ಜಾನ್ ಆರ್ಬಕಲ್ ಎಂಬ ವ್ಯಾಪಾರಿ ಹುರಿದ ಬೀಜಕ್ಕೆ ಮೊಟ್ಟೆ–ಸಕ್ಕರೆಯ ತೆಳು ಲೇಪ ಕೊಡುವ ವಿಧಾನಕ್ಕೆ 1868ರಲ್ಲಿ ಪೇಟೆಂಟ್ ಪಡೆದ. ಗಾಳಿ ತಾಗದೆ ಬೀಜ ಉಳಿಯಿತು. ಒಂದು ಪೌಂಡಿನ ಕಾಗದದ ಪೊಟ್ಟಣ, ಒಂದು ಮರದ ಪೆಟ್ಟಿಗೆಗೆ ನೂರು ಪೊಟ್ಟಣ, ಪ್ರತಿ ಪೊಟ್ಟಣದಲ್ಲೂ ಒಂದು ಪೆಪ್ಪರ್‌ಮಿಂಟ್ ಕಡ್ಡಿ. ಬೀಜ ಹೆಚ್ಚಾಗಿ ಬ್ರೆಜಿಲಿನದು. ಕೈಗಿರಣಿಯಲ್ಲಿ ಬೀಸಿ, ದೊಡ್ಡ ಪಾತ್ರೆಯಲ್ಲಿ ಪುಡಿ ಸಮೇತ ಕುದಿಸಿ, ಇಳಿಸಿದಮೇಲೆ ಒಂದಿಷ್ಟು ತಣ್ಣೀರು ಚಿಮುಕಿಸಿದರೆ ಗಸಿ ತಳ ಸೇರುತ್ತದೆ. ಫಿಲ್ಟರಿನ ಡಿಕಾಕ್ಷನ್ನಿಗೆ ಒಗ್ಗಿದ ನಾಲಗೆಗೆ ಅದು ಒರಟೇ. ಬೆಂಕಿಯೊಂದು, ಪಾತ್ರೆಯೊಂದು, ಕುಡಿಯುವವರು ಹದಿನೈದು ಜನ ಎಂದಾಗ ಅದೇ ಸರಿಯಾದ ಕ್ರಮ.

ಹಾಲು ಹಾಕುತ್ತಿರಲಿಲ್ಲ. ಸಾವಿರಾರು ಹಸುಗಳ ನಡುವೆ ಹಾಲಿಲ್ಲ ಎಂದರೆ ನಮಗೆ ನಂಬಲಾಗದು. ಬಯಲಿನ ಹಸು ಮನುಷ್ಯರನ್ನು ಹತ್ತಿರ ಸೇರಿಸದು, ಅದರ ಹಾಲು ಕರುವಿಗೇ ಬೇಕು. ಊರಿನ ಮನೆಗಳವರು ಒಂದೊಂದು ಸಾಧು ಹಸು ಕಟ್ಟಿಕೊಳ್ಳುತ್ತಿದ್ದರು, ರಾಂಚಿನ ಆಳುಗಳು ಡಬ್ಬಿ ಹಾಲು ಒಡೆಯುತ್ತಿದ್ದರು. ಊಟವೆಂದರೆ ಪಿಂಟೊ ಕಾಳು, ಉಪ್ಪುಮಾಂಸ, ಡಬ್ಬಿ ಟೊಮೆಟೊ, ಒಣ ಸೇಬು, ಹುಳಿಹಿಟ್ಟಿನ ಬಿಸ್ಕತ್ತು (ಮೆತ್ತನೆಯ ಬನ್ನಿನಂಥದ್ದು). ಹುಳಿ ಹಿಟ್ಟಿನ ಮಡಕೆಯಿಂದ ಬೇಕಾದಷ್ಟು ತೆಗೆದು, ಅಷ್ಟೇ ಹಿಟ್ಟು–ನೀರು ಮತ್ತೆ ಸೇರಿಸಿಡುವುದು; ಚಳಿಯ ರಾತ್ರಿ ಅಡುಗೆಯವನು ಆ ಮಡಕೆಯನ್ನು ತನ್ನ ಹಾಸಿಗೆಯಲ್ಲೇ ಇಟ್ಟುಕೊಳ್ಳುತ್ತಿದ್ದ. ಎರಕದ ಪಾತ್ರೆಯಲ್ಲಿ ಬೇಯಿಸುವಾಗ ಕೆಂಡದ ಮೂರನೆಯ ಒಂದು ಪಾಲು ಕೆಳಗೆ, ಉಳಿದದ್ದು ಮುಚ್ಚಳದ ಮೇಲೆ. ತಿರುಗಿಸಿ ಹಾಕಿದರೆ ತಳ ಸೀದು ಮೇಲು ಹಸಿ.

ಬೇಲಿಯ ತಂತಿಯಲ್ಲಿ ಫೋನ್ ಕೂಡ ನಡೆಯಿತು. ಫೋನಿಗೆ ಗ್ರಹಾಂ ಬೆಲ್ ಪಡೆದಿದ್ದ ಪೇಟೆಂಟ್‌ಗಳ ಅವಧಿ 1890ರ ದಶಕದಲ್ಲಿ ಮುಗಿದಮೇಲೆ ಅಗ್ಗದ ಫೋನ್ ಪೆಟ್ಟಿಗೆಗಳು ಬಂದವು. ಬೇಲಿಯ ಮೇಲಿನ ಎಳೆಯೇ ಲೈನು. ಕಂಬಕ್ಕೆ ತಾಗದಂತೆ ಚರ್ಮದ ತುಂಡು, ಬಾಟಲಿಯ ಕುತ್ತಿಗೆ ಕಟ್ಟುತ್ತಿದ್ದರು. ಗೇಟು ಬಂದಲ್ಲಿ ಎರಡು ಎತ್ತರದ ಕಂಬ ನೆಟ್ಟು ತಂತಿಯನ್ನು ಮೇಲಿಂದ ದಾಟಿಸುತ್ತಿದ್ದರು. ಒಂದೇ ಲೈನಿನಲ್ಲಿ ಹತ್ತಾರು ಮನೆ, ಗಂಟೆಯ ಉದ್ದ–ಗಿಡ್ಡ ಸದ್ದಿನಿಂದ ಯಾರಿಗೆ ಕರೆ ಎಂದು ತಿಳಿಯಬೇಕು. ಮಳೆ ಬಂದು ಕಂಬ ನೆನೆದರೆ ಕರೆಂಟು ನೆಲಕ್ಕಿಳಿದು ಮಾತು ಸತ್ತುಹೋಗುತ್ತಿತ್ತು.

ದುಡ್ಡು ಬರುತ್ತಿದ್ದದ್ದು ರೈಲಿನಿಂದ. ನಿಲ್ದಾಣದ ಪಕ್ಕದ ದೊಡ್ಡಿಗಳಿಂದ ಇಳಿಜಾರು ಹಾದಿಯಲ್ಲಿ ಹತ್ತಿಸಿ, ಒಂದು ವ್ಯಾಗನ್ನಿಗೆ ಇಪ್ಪತ್ತು–ಇಪ್ಪತ್ತೈದು ದೊಡ್ಡ ದನ ತುಂಬುತ್ತಿದ್ದರು. ಸಡಿಲ ತುಂಬಿದರೆ ರೈಲು ಜಗ್ಗಿದಾಗ ಬೀಳುತ್ತವೆ, ಒತ್ತೊತ್ತಾಗಿ ತುಂಬಿದರೆ ಬಿದ್ದದ್ದು ಏಳಲಾಗದೆ ತುಳಿತಕ್ಕೆ ಸಾಯುತ್ತದೆ. ಜೊತೆಗೆ ಹೋಗುವ ಆಳು ಉದ್ದನೆಯ ಕೋಲು ಹಿಡಿದು, ರೈಲು ನಿಂತಲ್ಲೆಲ್ಲ ಬಿದ್ದವನ್ನು ತಿವಿದು ಎಬ್ಬಿಸುತ್ತಿದ್ದ. 1906ರ ಕಾನೂನಿನಂತೆ 28 ಗಂಟೆಗೊಮ್ಮೆ ದನವನ್ನು ಇಳಿಸಿ ಮೇವು, ನೀರು, ವಿಶ್ರಾಂತಿ ಕೊಡಬೇಕು. ಯಜಮಾನ ಬರೆದು ಕೊಟ್ಟರೆ ಮಾತ್ರ 36 ಗಂಟೆವರೆಗೆ ಎಳೆಯಬಹುದು. ದಾರಿ ಉದ್ದವಾದಷ್ಟೂ ತೂಕ ಇಳಿಯುತ್ತದೆ, ತೂಕ ಇಳಿದಷ್ಟೂ ದುಡ್ಡು ಇಳಿಯುತ್ತದೆ. 1903ರಲ್ಲಿ ಫೋರ್ಟ್‌ವರ್ತ್‌ನಲ್ಲಿ ಸ್ವಿಫ್ಟ್ ಮತ್ತು ಆರ್ಮರ್ ಕಂಪನಿಗಳ ಮಾಂಸದ ಕಾರ್ಖಾನೆ ತೆರೆದಾಗ ಆ ದಾರಿ ಗಿಡ್ಡವಾಯಿತು. ದನ ಮಾರಿದ ಚೀಟಿ ಕೈಗೆ ಬಂದಮೇಲೆ ಊರಿನ ಅಂಗಡಿಯ ಲೆಕ್ಕದ ಪುಸ್ತಕ ತೆರೆಯುತ್ತಿತ್ತು. ಹಿಟ್ಟು, ಕಾಫಿ, ಮುಳ್ಳುತಂತಿ, ಚರ್ಮದ ವಾಶರ್, ಎಲ್ಲದರ ವರ್ಷದ ಬಾಕಿ ತೀರುತ್ತಿದ್ದದ್ದು ಆಗಲೇ.